ಗೊರವಂಕ ಹೊತ್ತೊಯ್ದ ಕೋಲು

"ಎಮ್ಮೆಯಕ್ಕಾ, ದಾರಿ ತಪ್ಪಿದೆ, ಹೊತ್ತು ಮುಳುಗುತ್ತಿದೆ. ನಮ್ಮ ಬಳಗದ ಆಲದ ಮರ ಎಲ್ಲಿ?" ಎಂದಿತು ಗೊರವಂಕ. ಎಮ್ಮೆ ಸುಮ್ಮನಿತ್ತು. "ಕಿವಿ ಕೇಳಿಸದೇನು?" ಎಮ್ಮೆ ಅದರ ಕಾಲಲ್ಲಿದ್ದ ಕೋಲನ್ನು ನೋಡಿತು.

ಆ ಸೀಮೆಯ ಪ್ರಾಣಿಪಕ್ಷಿಗಳಲ್ಲಿ ಕೋಲು ಹಿಡಿದವರದೇ ಮಾತು, ಉಳಿದವರು ಕೇಳಬೇಕು. ಈ ಗೊರವಂಕ ಬಳಗದ ಕೂಟದಲ್ಲಿ ತನ್ನ ಸರದಿ ಮುಗಿದದ್ದೇ, ಉಳಿದವರ ಮಾತು ಯಾರಿಗೆ ಬೇಕೆಂದು, ಕೋಲನ್ನೇ ಎತ್ತಿಕೊಂಡು ಊರೂರು ಸುತ್ತಲು ಹೊರಟಿತ್ತು. ಹೋದಲ್ಲೆಲ್ಲ ಯಾರೂ ನಡುವೆ ಬಾಯಿ ಹಾಕಲಿಲ್ಲ. ಉತ್ತರವನ್ನೂ ಕೊಡಲಿಲ್ಲ.

ಗೊರವಂಕ ಕೋಲನ್ನು ಎಮ್ಮೆಯ ಮುಂದಿಟ್ಟಿತು.

"ಆ ಕೆರೆ ದಾಟಿದರೆ ನಿಮ್ಮ ಮರ, ತಂಗಿ," ಎಂದಿತು ಎಮ್ಮೆ, ಕೋಲಿನ ಮೇಲೆ ಗೊರಸಿಟ್ಟು. "ಮೊನ್ನೆ ನನ್ನ ಕರುವನ್ನು ಸಂತೆಗೆ ಹೊಡೆದುಕೊಂಡು ಹೋದರು. ಯಾರ ಹತ್ತಿರವೂ ಹೇಳಿಕೊಂಡಿಲ್ಲ..."

ಆಗಲೇ ಹಾರಿದ್ದರೆ ಬೆಳಕಿರುವಾಗ ಮನೆ ಸೇರಬಹುದಿತ್ತು. ಗೊರವಂಕ ರೆಕ್ಕೆ ಮಡಿಚಿ ಕೂತು, ತನ್ನವರ ಮಾತು ಕೇಳದೆ ಮಾಡಿಕೊಂಡಿದ್ದ ಸಾಲವನ್ನು ಕತ್ತಲಾಗುವವರೆಗೂ ಆ ಎಮ್ಮೆಗೆ ತೀರಿಸಿತು.