ಕರುಳು ಮತ್ತು ಮೂತ್ರಕೋಶ

ಎರಡು ತಿಂಗಳ ಬಸುರಿ ವಾರಿಜಾ ಸ್ಕ್ಯಾನಿಂಗ್‌ಗೆ ಮಲಗಿದ್ದಳು. ತೆರೆಯ ಮೇಲೆ ಬರೀ ಬಿಳಿ ಮಂಜು.

“ಗಾಳಿ ತುಂಬಿದ ಕರುಳು ಸ್ಕ್ಯಾನಿಂಗ್‌ನ ಶಬ್ದದ ಅಲೆಗಳಿಗೆ ಅಡ್ಡ ಬಂದಿದೆ, ಮಗು ಕಾಣುತ್ತಿಲ್ಲ. ಇನ್ನಷ್ಟು ನೀರು ಕುಡಿದು ಬಾಮ್ಮ,” ಎಂದರು ಡಾಕ್ಟರು.

“ನನ್ನನ್ನು ದಾಟಿ ಯಾವ ಶಬ್ದವೂ ಹೋಗಲಾರದು,” ಎಂದು ಕರುಳು ಬೀಗಿತು. ವಾರಿಜಾ ನೀರು ಕುಡಿದು ಬಂದು ಮತ್ತೆ ಮಲಗಿದಳು. ಮೂತ್ರಕೋಶ ನೀರು ತುಂಬಿಕೊಂಡು ಹಿಗ್ಗಿತು, ಕರುಳನ್ನು ಮೇಲಕ್ಕೆ ಸರಿಸಿತು, ಬಂದ ಶಬ್ದವನ್ನು ತನ್ನೊಳಗಿಂದಲೇ ಹಾದುಹೋಗಲು ಬಿಟ್ಟಿತು.

“ಅಗೋ, ಎದೆಬಡಿತ ನೋಡಮ್ಮ.”

ಆ ಚಿತ್ರ ಕೈಗೆ ಬಂದದ್ದೇ ತಡ, ವಾರಿಜಾ ನಗುತ್ತ, ಚಪ್ಪಲಿ ಮರೆತು, ಟಾಯ್ಲೆಟ್ಟಿಗೆ ಓಡಿದಳು.

“ಚಿತ್ರದಲ್ಲಿ ನೀನು ಬರೀ ಕಪ್ಪು ಕಲೆ,” ಎಂದು ಕರುಳು ಅಣಕಿಸಿತು.

“ಹೌದು,” ಎಂದಿತು ಹಗುರಾದ ಮೂತ್ರಕೋಶ. “ಮೊದಲ ಚಿತ್ರದ ತುಂಬ ನೀನೇ ಬೆಳ್ಳಗೆ ಹೊಳೆದೆಯಲ್ಲ, ಅದನ್ನು ಯಾರೂ ಮನೆಗೆ ಒಯ್ಯಲಿಲ್ಲ.”