ಕುಂಟುವ ಅಕ್ಕತಂಗಿಯರು

ನೀಲವ್ವ, ಬೋರವ್ವ ಇಬ್ಬರೂ ಹಿಂಡು ಕಟ್ಟದೆ ಒಂಟಿಯಾಗಿ ಗೂಡು ಮಾಡುವ ಕಾಡುಜೇನುಗಳು. ಶಾಲೆಯ ಹಳೇ ಮಣ್ಣುಗೋಡೆಯಲ್ಲಿ ಅಕ್ಕಪಕ್ಕ ತೂತು ಕೊರೆದು ಸಂಸಾರ ಹೂಡಿದ್ದರು. ಇಬ್ಬರ ಹೊಟ್ಟೆಯ ಮೇಲೂ ಒಂದೇ ಥರದ ನೀಲಿ ಪಟ್ಟೆ. ಹಾಗಾಗಿ ಅಕ್ಕ ತಂಗಿ ಎಂದೇ ಕರೆದುಕೊಳ್ಳುತ್ತಿದ್ದರು.

ಗೋಡೆ ಕೆಡವಲು ಬಂದ ಮೇಸ್ತ್ರಿ, "ಇಂಥ ಹುಳ ಊರ ತುಂಬ ಇವೆ" ಎಂದ. ಜೇನು ಹುಡುಕಿಕೊಂಡು ಬಂದಿದ್ದ ಸಂಶೋಧಕಿ ಪಂಕಜಾಕ್ಷಿ, "ಒಂದು ವಾರ ತಡೀರಿ" ಎಂದು ಇಬ್ಬರಿಂದಲೂ ಒಂದೊಂದು ಕಾಲಿನ ತುದಿ ಕತ್ತರಿಸಿ ಒಯ್ದಳು. ಡಿಎನ್‌ಎ ಪರೀಕ್ಷೆ ಮಾಡಿಸಿ ಬಂದವಳೇ ಬೋರವ್ವನ ತೂತು ತೋರಿಸಿ, "ಇದು ಬೇರೆಯೇ ಜಾತಿ. ಈ ಗೋಡೆ ಬಿಟ್ಟರೆ ಇನ್ನೆಲ್ಲೂ ಸಿಕ್ಕಿಲ್ಲ" ಎಂದಳು. ಗೋಡೆ ಉಳಿಯಿತು.

ಬೋರವ್ವ ಮಾತ್ರ ಬಾಗಿಲಲ್ಲೇ ಮುದುಡಿ ಕೂತಳು. ಮೊಟ್ಟೆಯಿಟ್ಟ ತೂತಿನ ಬಾಯಿ ಮುಚ್ಚಲು ನೀಲವ್ವ ಹಸಿಮಣ್ಣು ಕಚ್ಚಿಕೊಂಡು ಕುಂಟುತ್ತ ಬಂದಾಗ ಕೇಳಿದಳು: "ನಾನು ನಿನ್ನ ಜಾತಿಯವಳಲ್ಲವಂತೆ. ಇನ್ನು ನಿನ್ನನ್ನು ಏನೆಂದು ಕರೆಯಲಿ?"

ನೀಲವ್ವ ಆ ಮಣ್ಣನ್ನು ತನ್ನ ಬಾಗಿಲಿಗಲ್ಲ, ಬೋರವ್ವನ ಬಾಗಿಲಿಗೆ ಮೆತ್ತಿದಳು.

"ಮಂಕೇ, ನೀನು ಬೇರೆ ಅಂತ ಗೊತ್ತಾದದ್ದಕ್ಕೇ ನನ್ನ ಮಕ್ಕಳೂ ಉಳಿದವು. ನಿನ್ನ ಮೊಟ್ಟೆ ಹೋದರೆ ನಿನ್ನ ವಂಶವೇ ಇಲ್ಲ, ಅದಕ್ಕೇ ಮೊದಲು ನಿನ್ನ ಮನೆ ಮುಚ್ಚೋಣ. ಅಕ್ಕ ಅಂತಲೇ ಕರಿ. ಇಷ್ಟು ದಿನ ಪಟ್ಟೆ ಒಂದೇ ಥರ ಇತ್ತು, ಈಗ ಕುಂಟೋದೂ ಒಂದೇ ಥರ ಆಯ್ತಲ್ಲ!"