ನಲವತ್ತು ದಿನಗಳ ಹಾಲು

ಉಪದೇಶಿ ಚೌರಪ್ಪ ಒಂದು ಸಂಜೆ ತನ್ನ ಗುರು ಇನ್ನಾಸಪ್ಪ ಸ್ವಾಮಿಗಳನ್ನು ಕೇಳಿದ: "ಸ್ವಾಮಿ, ಶಿಲುಬೆಯ ಮೇಲೆ ಪ್ರಾಣ ಕೊಟ್ಟ ಪ್ರೀತಿಯನ್ನು ಜನರಿಗೆ ಬೋಧಿಸುತ್ತೇನೆ. ಪ್ರಾಣ ಕೊಡುವ ಸಂದರ್ಭವೇ ಬಾರದವರು ಆ ಪ್ರೀತಿಯನ್ನು ಬಾಳಿನಲ್ಲಿ ತೋರುವುದು ಹೇಗೆ?"

ಸ್ವಾಮಿಗಳಿಗೆ ಎಂಬತ್ತು ದಾಟಿತ್ತು. ಅವರು ಹೇಳತೊಡಗಿದರು.

ನಮ್ಮೂರಿನಲ್ಲಿ ಒಬ್ಬ ಕುಂಬಾರನಿದ್ದ. ಆ ಊರು ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಆದರೂ ಅವನು ಮಡಕೆ ಸುಡುತ್ತಿದ್ದ ಆವಿಗೆಯ ಹೊಗೆಯ ವಾಸನೆ ನನಗಿನ್ನೂ ನೆನಪಿದೆ.

ಒಂದು ವರ್ಷ ಊರಿಗೆ ಪ್ಲೇಗು ಬಂತು. ಜನ ಮನೆ ಬಿಟ್ಟು ಹೊಲಗಳಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡರು. ದೇವಾಲಯದ ಗಂಟೆ ನಿಂತಿತು. ಭಾನುವಾರ ಎಲ್ಲರೂ ಹೊಲದಲ್ಲೇ ಮೊಣಕಾಲೂರಿ, ಊರಿನ ಕಡೆ ಮುಖ ಮಾಡಿ ಜಪಮಾಲೆ ಹೇಳುತ್ತಿದ್ದರು.

ಕುಂಬಾರನ ಗುಡಿಸಲಿನಿಂದ ಒಂದು ಹೊಲದಾಚೆ ಒಬ್ಬ ವ್ಯಾಪಾರಿಯ ಗುಡಿಸಲಿತ್ತು. ವ್ಯಾಪಾರಿಯ ಹೆಂಡತಿ ಹಿಂದೊಮ್ಮೆ ದೇವಾಲಯದ ಬಾಗಿಲಲ್ಲಿ, ಎಲ್ಲರೆದುರು, ತನ್ನ ಚೊಂಬು ಕದ್ದಳೆಂದು ಕುಂಬಾರನ ಹೆಂಡತಿಯನ್ನು ಕಳ್ಳಿ ಎಂದಿದ್ದಳು. ಚೊಂಬು ಆಮೇಲೆ ದೂರಿದವಳ ಮನೆಯಲ್ಲೇ ಸಿಕ್ಕಿತು. ತಪ್ಪಾಯಿತೆಂದು ಅವಳು ಹೇಳಲಿಲ್ಲ.

ಮೊದಲು ವ್ಯಾಪಾರಿ ಸತ್ತ. ಮೂರನೆಯ ದಿನ ಹೆಂಡತಿಯೂ ಸತ್ತಳು. ಎರಡು ತಿಂಗಳ ಕೂಸು ಉಳಿಯಿತು. ಹೆಣ ಹೊರಲು ಬಂದವರು ಅದಕ್ಕೆ ಮೇಕೆಯ ಹಾಲು ಹನಿಸಿ ನೋಡಿದರು. ಕೂಸು ಕಕ್ಕಿತು. ಎತ್ತಿಕೊಳ್ಳಲು ಎಲ್ಲರಿಗೂ ಭಯ.

ಕುಂಬಾರನ ಹೆಂಡತಿಗೆ ಹತ್ತು ತಿಂಗಳ ಮಗುವಿತ್ತು. ಕೂಸಿನ ಅಳು ಕೇಳಿ ಅವಳು ಎದ್ದಳು. ಅತ್ತೆ ಸೆರಗು ಹಿಡಿದಳು.

"ಅವಳು ನಿನ್ನನ್ನು ಏನಂದಿದ್ದಳು, ಮರೆತೆಯಾ?"

"ಮರೆತಿಲ್ಲ ಅತ್ತೆ. ನಮ್ಮದು ರಾಗಿ ಸರಿ ತಿನ್ನುತ್ತದೆ. ಅದು ಏನು ತಿಂದೀತು? ನಾನು ಆ ಕೂಸನ್ನು ಎತ್ತಿಕೊಂಡ ಮೇಲೆ ನಮ್ಮದನ್ನು ನನ್ನ ಹತ್ತಿರ ಬಿಡಬೇಡಿ, ಬೇನೆ ತಗಲೀತು."

ಅವಳು ಹುಣಸೆ ಮರದಡಿ ಸೋಗೆ ಕಟ್ಟಿಕೊಂಡು ಕೂಸಿನೊಂದಿಗೆ ಒಬ್ಬಳೇ ಇದ್ದಳು. ನಲವತ್ತು ದಿನ ಹಾಲೂಡಿಸಿದಳು. ಹೊಲದಾಚೆ ಅವಳ ಮಗು ಅಮ್ಮನಿಗಾಗಿ ಅಳುತ್ತಿತ್ತು. ಗಾಳಿ ಈ ಕಡೆ ಬೀಸಿದಾಗಲೆಲ್ಲ ಅವಳಿಗೆ ಅದು ಕೇಳುತ್ತಿತ್ತು. ಹದಿನೈದು ದಿನಗಳಾದ ಮೇಲೆ ಆ ಅಳು ನಿಂತಿತು. ಅಂದು ಸೊಸೆ ಸೆರಗು ಮುಚ್ಚಿಕೊಂಡು ಅತ್ತದ್ದನ್ನು ದೂರದಿಂದ ಕಂಡೆನೆಂದು ಅತ್ತೆ ಎಷ್ಟೋ ವರ್ಷ ಹೇಳುತ್ತಿದ್ದಳು.

ಬೇನೆ ಇಳಿಯಿತು. ಕೂಸಿನ ಸೋದರಮಾವ, ಎಳೆಮಗುವಿನ ತಾಯಿಯಾದ ತನ್ನ ಹೆಂಡತಿಯೊಂದಿಗೆ ಬಂದು, ಕೂಸನ್ನು ಕರೆದೊಯ್ದ. ಕುಂಬಾರನ ಹೆಂಡತಿ ಮಿಂದು, ತನ್ನ ಗುಡಿಸಲಿಗೆ ಬಂದು ಮಗುವಿನತ್ತ ಕೈ ಚಾಚಿದಳು. ಮಗು ಅವಳನ್ನು ಪರಕೀಯಳಂತೆ ನೋಡಿತು. ಎದೆಯಲ್ಲಿ ಇನ್ನೂ ಹಾಲಿತ್ತು. ಮಗು ಮುಖ ತಿರುಗಿಸಿ, ಅಜ್ಜಿಯ ಹೆಗಲಿಗೆ ಬಿದ್ದು ಅತ್ತಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಒಲೆ ಹಚ್ಚಲು ಹೋದಳು. ಎಷ್ಟೋ ದಿನ ಹೀಗೇ ನಡೆಯಿತು.

ಸ್ವಾಮಿಗಳು ಮಾತು ನಿಲ್ಲಿಸಿದರು. ಚೌರಪ್ಪ ಮೆಲ್ಲನೆ ಕೇಳಿದ: "ಸ್ವಾಮಿ, ಅವಳು ಉಳಿಸಿದ ಆ ಕೂಸು ತಾವೇ ಅಲ್ಲವೇ?"

"ಅಲ್ಲಪ್ಪ, ತಾಯಿಯ ಗುರುತು ಸಿಗದೆ ಅತ್ತ ಮಗು ನಾನು."